ಎಣ್ಣೆ ಬಂದಾಗ ಕಣ್ಣು ಮುಚ್ಚಬೇಡಿ
(ಪೇಂಟಿಂಗ್ ಶೆಡ್ಡುಗಳ ಹುಡುಗರಿಗೊಂದು ಬಹಿರಂಗ ಪತ್ರ)

ಊರೂರಿನ ಪೇಂಟಿಂಗ್ ಶೆಡ್ಡುಗಳಲ್ಲಿ ಗನ್ ಹಿಡಿದಿರುವ, ಹಿಡಿಯಲು ಕಾಯುತ್ತಿರುವ ತಮ್ಮಂದಿರಿಗೆ ನಮಸ್ಕಾರ.

ಹೋದ ವಾರ ಒಂದು ಶೆಡ್ಡಿನ ಎದುರಿನ ಗೂಡಂಗಡಿಯಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಒಳಗೊಂದು ಹಳೆಯ ಜೀಪು. ಬಾನೆಟ್ಟಿಗೂ ಎರಡು ಮಡ್‌ಗಾರ್ಡಿಗೂ ಹಿಂದಿನ ದಿನ ರೆಡ್ ಆಕ್ಸೈಡ್ ಹೊಡೆದಿದ್ದರು ಅಂತ ಕಾಣುತ್ತೆ, ಹಸಿ ಇಟ್ಟಿಗೆಯ ಹಾಗೆ ಮಂಕಾಗಿ ನಿಂತಿತ್ತು. ಹುಡುಗನೊಬ್ಬ ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದ ಮೆಣಸಿನಕಾಯಿ ಬೋಂಡಾವನ್ನು ಆ ಬಾನೆಟ್ಟಿನ ಮೇಲೇ ಬಿಚ್ಚಿದ. ನಾಲ್ಕು ಜನ ಸುತ್ತ ನಿಂತು ತಿಂದರು. ಪೇಪರ್ ಎತ್ತಿದಾಗ ಕೆಂಪು ಪ್ರೈಮರಿನ ಮೇಲೆ ತಟ್ಟೆಯಗಲ ಎಣ್ಣೆ. ಅವರಲ್ಲಿ ದೊಡ್ಡವನು ಅದನ್ನು ನೋಡಿದ. ಜೇಬಿನಿಂದ ವೇಸ್ಟ್ ಬಟ್ಟೆ ತೆಗೆದು ಎರಡು ಸಲ ಒರೆಸಿದ. ಹೋಗಲಿಲ್ಲ. ಬಕೆಟ್ಟಿನ ನೀರಿಗೆ ವಾಟರ್ ಪೇಪರ್ ಅದ್ದಿ ಗರಗರ ಉಜ್ಜತೊಡಗಿದ.

ನಾನು ಬಾಯಿ ಬಿಡಲಿಲ್ಲ. ಕೆಲಸ ಬಿಟ್ಟ ಮುದುಕ ಶೆಡ್ಡಿಗೆ ಹೋಗಿ ಬುದ್ಧಿ ಹೇಳಿದರೆ ಯಾರಿಗೂ ಸೇರುವುದಿಲ್ಲ, ನನ್ನ ಕಾಲದಲ್ಲಿ ನನಗೂ ಸೇರುತ್ತಿರಲಿಲ್ಲ. ಆದರೆ ಮನೆಗೆ ಬಂದ ಮೇಲೂ ಆ ಗರಗರ ಕಿವಿಯಿಂದ ಹೋಗಲಿಲ್ಲ. ಅದಕ್ಕೇ ಈ ಕಾಗದ. ಆ ಹುಡುಗ ಸೋಮಾರಿಯಲ್ಲ. ಕಲೆ ಕಂಡ ಕೂಡಲೇ ಕೈ ಹಾಕಿದ. ಅವನಿಗೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಅನ್ನುವುದನ್ನು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ದೀಪಾವಳಿಗೆ ಮನೆಯಲ್ಲಿ ಹೊಸ ಮಣ್ಣಿನ ಹಣತೆ ತಂದಾಗ ಅಮ್ಮ ಏನು ಮಾಡುತ್ತಿದ್ದರು, ನೆನಪು ಮಾಡಿಕೊಳ್ಳಿ. ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿಡುತ್ತಿದ್ದರು. ನೆನೆಸದೆ ಎಣ್ಣೆ ಹೊಯ್ದರೆ ಬತ್ತಿ ಉರಿಯುವ ಮೊದಲೇ ಅರ್ಧ ಎಣ್ಣೆಯನ್ನು ಹಣತೆಯೇ ಕುಡಿದುಬಿಡುತ್ತದೆ, ಹೊರಮೈ ಕೂಡ ಜಿಡ್ಡಾಗುತ್ತದೆ. ಪ್ರೈಮರ್ ಅಂದರೆ ಅದೇ ಹಣತೆ. ಮೇಲೆ ಹೊಡೆಯುವ ಬಣ್ಣದಲ್ಲಿ ಅಂಟು ಜಾಸ್ತಿ, ಪುಡಿ ಕಡಿಮೆ. ಅದಕ್ಕೇ ಅದು ಗಾಜಿನ ಹಾಗೆ ಮುಚ್ಚಿಕೊಂಡು ಹೊಳೆಯುತ್ತದೆ. ಪ್ರೈಮರಿನಲ್ಲಿ ಲೆಕ್ಕ ತಿರುಗುಮುರುಗು. ಪುಡಿ ಜಾಸ್ತಿ, ಅಂಟು ಕಡಿಮೆ. ಪುಡಿಯ ಕಣಕಣಗಳ ನಡುವೆ ಸಂದಿ ಉಳಿಯುತ್ತದೆ. ಮೇಲಿನ ಬಣ್ಣ ಕಚ್ಚಿಕೊಳ್ಳಲಿ, ಉಜ್ಜಲು ಸುಲಭವಾಗಲಿ ಅಂತಲೇ ಅದನ್ನು ಹಾಗೆ ಮಾಡಿರುವುದು. ಬಣ್ಣ ಇಳಿದು ಕಚ್ಚಿಕೊಳ್ಳಬೇಕಾದ ಅದೇ ಸಂದಿಗೆ ಎಣ್ಣೆಯೂ ಇಳಿಯುತ್ತದೆ. ಕ್ಲಿಯರ್ ಕೋಟಿನ ಮೇಲೆ ಬಿದ್ದ ಎಣ್ಣೆ ಮೇಲೇ ಕೂತಿರುತ್ತದೆ, ಒರೆಸಿದರೆ ಹೋಯಿತು. ಪ್ರೈಮರಿನ ಮೇಲೆ ಬಿದ್ದದ್ದು ಒಳಗೆ ಹೋಗುತ್ತದೆ. ನೀವು ಒರೆಸುವುದು ಉಳಿದದ್ದನ್ನು ಮಾತ್ರ.

ನನ್ನ ಇಡೀ ಕಸುಬಿನಲ್ಲಿ ತಿಳಿಯಲು ಅತಿ ಹೆಚ್ಚು ಹೊತ್ತು ಹಿಡಿದದ್ದು ಇದೊಂದು: ಕಲೆ ಬೇರೆ, ಎಣ್ಣೆ ಬೇರೆ. ಎಂಜಿನ್ನಿನ ಸುಟ್ಟ ಎಣ್ಣೆ ಬಿದ್ದರೆ ಎಣ್ಣೆಯನ್ನು ಪೂರ್ತಿ ತೆಗೆದ ಮೇಲೂ ಅದರ ಮಸಿ ಪ್ರೈಮರಿನಲ್ಲಿ ಕಪ್ಪಗೆ ಉಳಿಯಬಹುದು, ಅದರಿಂದ ಏನೂ ತೊಂದರೆ ಇಲ್ಲ, ಬಣ್ಣ ಮುಚ್ಚುತ್ತದೆ. ತಿಳಿಯಾದ ಹೊಸ ಎಣ್ಣೆ ಬಿದ್ದರೆ ಪೆಟ್ರೋಲಿನಲ್ಲಿ ಒರೆಸಿದ ಕೂಡಲೇ ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಅದು ಹೋಗಿರುವುದಿಲ್ಲ. ಅಂಗೈಯಗಲ ಇದ್ದದ್ದು ತೆಳ್ಳಗಾಗಿ ಮೊರದಗಲ ಹರಡಿಕೊಂಡಿರುತ್ತದೆ. ಕಾಣುವ ಕಲೆಗೆ ನಾವು ಹೆದರುತ್ತೇವೆ. ಬಣ್ಣ ಏಳಿಸುವುದು ಕಾಣದ ಎಣ್ಣೆ.

ಇದನ್ನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. 1994ರ ಮಳೆಗಾಲಕ್ಕೆ ಮುಂಚೆ, ನಾನು ಉಸ್ತಾದರ ಶೆಡ್ಡಿಗೆ ಸೇರಿ ಆರು ವರ್ಷ ಆಗಿತ್ತು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರೊಬ್ಬರ ಜೀಪು ಬಂದಿತ್ತು. ಒಂದೇ ಶೆಡ್ಡಿನಲ್ಲಿ ಮೆಕ್ಯಾನಿಕ್ಕೂ ಕೆಲಸ ಮಾಡುತ್ತಿದ್ದ, ನಾವೂ ಮಾಡುತ್ತಿದ್ದೆವು. ಮೆಕ್ಯಾನಿಕ್ ಗೇರ್‌ಬಾಕ್ಸಿನ ಮೇಲ್ಮುಚ್ಚಳ ಬಿಚ್ಚಿ, ಇಡಲು ಜಾಗವಿಲ್ಲದೆ, ಪ್ರೈಮರ್ ಹೊಡೆದ ಮಡ್‌ಗಾರ್ಡಿನ ಮೇಲೆ ಇಟ್ಟು ಮನೆಗೆ ಹೋದ. ರಾತ್ರಿಯಿಡೀ ಅದು ಅಲ್ಲೇ ಇತ್ತು. ಬೆಳಿಗ್ಗೆ ನೋಡಿದರೆ ಅಂಗೈಯಷ್ಟು ಕಲೆ. ಉಸ್ತಾದರು ಮದುವೆಗೆ ಅಂತ ಭದ್ರಾವತಿಗೆ ಹೋಗಿದ್ದರು. ಗಾಡಿ ಸಂಜೆಗೆ ಕೊಡಬೇಕಿತ್ತು. ನಾನು ಮೊದಲು 400ರ ಪೇಪರಿನಲ್ಲಿ ನೀರು ಹಾಕಿ ಉಜ್ಜಿದೆ, ಆಮೇಲೆ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದೆ, ಕಲೆ ಮಾಯ. ಹಸಿರು ಎನಾಮೆಲ್ ಹೊಡೆದೆ. ಎಷ್ಟು ಚೆನ್ನಾಗಿ ಬಂತೆಂದರೆ ಉಸ್ತಾದರು ಬಂದು ನೋಡಿ ಬೆನ್ನು ತಟ್ಟಿದರು.

ಮಳೆಗಾಲ ಮುಗಿಯಿತು. ಜೀಪಿನವರು ವಾಪಸ್ ಬಂದರು. ಮಡ್‌ಗಾರ್ಡಿನ ಮೇಲೆ ಅಂಗೈಯಷ್ಟು ಜಾಗ ಬೊಬ್ಬೆ ಎದ್ದಿತ್ತು. ಅವರು ಏನೂ ಮಾತಾಡದೆ ಹೆಬ್ಬೆರಳಿನ ಉಗುರು ಕೊಟ್ಟು ಎಬ್ಬಿಸಿದರು. ಬಣ್ಣ ಹಪ್ಪಳದ ಹಾಗೆ ಇಡಿಯಾಗಿ ಎದ್ದು ಬಂತು, ಬೆನ್ನಿಗೆ ಪ್ರೈಮರಿನ ಕೆಂಪನ್ನೂ ಹೊತ್ತುಕೊಂಡು. ಕೆಳಗೆ ತಗಡು ಮಂಕಾಗಿ ಹೊಳೆಯುತ್ತಿತ್ತು. ಉಸ್ತಾದರು ಆ ಹಪ್ಪಳವನ್ನು ಕೈಗೆ ತಗೊಂಡು ಮೂಸಿದರು. ನನ್ನ ಮುಖದ ಹತ್ತಿರ ಹಿಡಿದು, "ನೋಡು ಬೇಟಾ, ಮೂಗಿಟ್ಟು ನೋಡು" ಅಂದರು. ಗೇರ್ ಆಯಿಲಿಗೆ ಒಂದು ಗಂಧಕದ ವಾಸನೆ ಇರುತ್ತದಲ್ಲ, ಮೂರು ನಾಲ್ಕು ತಿಂಗಳ ಮಳೆ ಕಳೆದ ಮೇಲೂ ಅದು ಅಲ್ಲೇ ಇತ್ತು. ಬೈಯಲಿಲ್ಲ. ಮಡ್‌ಗಾರ್ಡನ್ನು ಪೂರ್ತಿ ತಗಡಿನವರೆಗೆ ಇಳಿಸಿ ಮತ್ತೆ ಮಾಡಿಸಿದರು. ಗಿರಾಕಿಯಿಂದ ಒಂದು ರೂಪಾಯಿ ತಗೊಳ್ಳಲಿಲ್ಲ. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ.

ಎಲ್ಲಿ ತಪ್ಪಿದೆ ಅಂದರೆ, ಉಜ್ಜಿ ಆಮೇಲೆ ಒರೆಸಿದೆ. ಮೊದಲು ಜಿಡ್ಡು ತೆಗೆಯಬೇಕು, ಆಮೇಲೆ ಉಜ್ಜಬೇಕು, ಉಜ್ಜಿದ ಮೇಲೆ ಇನ್ನೊಂದು ಸಲ ಜಿಡ್ಡು ತೆಗೆಯಬೇಕು. ಎಣ್ಣೆ ಇರುವಾಗಲೇ ಪೇಪರ್ ಹಾಕಿದರೆ ಏನಾಗುತ್ತದೆ? ಪೇಪರ್ ಎಳೆದ ಒಂದೊಂದು ಗೀರಿನೊಳಕ್ಕೂ ಎಣ್ಣೆಯನ್ನು ನೀವೇ ತುಂಬಿಸಿದ ಹಾಗೆ. ಪೇಪರಿನ ಹಲ್ಲಿಗೆ ಜಿಡ್ಡು ಉಂಡೆ ಕಟ್ಟಿ ಅದು ಕತ್ತರಿಸುವುದನ್ನು ಬಿಟ್ಟು ಸವರತೊಡಗುತ್ತದೆ. ಇನ್ನೂ ಒಂದಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ನಿಮ್ಮ ಬಕೆಟ್ ನೋಡಿ. ಎಣ್ಣೆ ಹತ್ತಿದ ಪೇಪರನ್ನು ನಾಲ್ಕು ಸಲ ಅದ್ದಿದರೆ ನೀರಿನ ಮೇಲೆ ಕಾಮನಬಿಲ್ಲಿನ ಪೊರೆ ತೇಲುತ್ತಿರುತ್ತದೆ. ಅದೇ ನೀರಿನಲ್ಲಿ ಬಾಗಿಲು, ಡಿಕ್ಕಿ ಎಲ್ಲ ಉಜ್ಜುತ್ತೀರಿ. ಒಂದು ಕಡೆಯ ಬೋಂಡಾ ಎಣ್ಣೆಯನ್ನು ಇಡೀ ಗಾಡಿಗೆ ಬಡಿಸಿದಂತಾಯಿತು.

ಜಿಡ್ಡು ತೆಗೆಯುವುದು ಯಾತರಲ್ಲಿ ಅನ್ನುವುದಕ್ಕೆ ಮುಂಚೆ, ಕೆಳಗಿರುವ ಪ್ರೈಮರ್ ಯಾವುದು ಅನ್ನುವುದು ಗೊತ್ತಿರಬೇಕು. ನೀವೇ ಹೊಡೆದದ್ದಾದರೆ ಗೊತ್ತಿರುತ್ತದೆ. ಬೇರೆ ಕಡೆ ಅರ್ಧಕ್ಕೆ ಬಿಟ್ಟು ತಂದ ಗಾಡಿಯಾದರೆ ಪರೀಕ್ಷೆ ಮಾಡಿ. ಬಿಳಿ ಬಟ್ಟೆಯ ತುದಿಗೆ ಎನ್‌ಸಿ ಥಿನ್ನರ್ ಹಚ್ಚಿಕೊಂಡು, ಬಾಗಿಲಿನ ಒಳ ಅಂಚಿನಂಥ ಮರೆಯ ಜಾಗದಲ್ಲಿ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಉಜ್ಜಿ. ಬಟ್ಟೆಗೆ ಬಣ್ಣ ಧಾರಾಳವಾಗಿ ಬಂದರೆ ಅದು ಎನ್‌ಸಿ ಸರ್ಫೇಸರ್, ಇಲ್ಲವೇ ಸರಿಯಾಗಿ ಒಣಗದ ರೆಡ್ ಆಕ್ಸೈಡ್. ಅಲ್ಲಿ ಥಿನ್ನರ್ ಮುಟ್ಟಲೇಬಾರದು. ಏನೂ ಬಾರದಿದ್ದರೆ ಅದು ಹಾರ್ಡ್ನರ್ ಹಾಕಿ ಹೊಡೆದ 2ಕೆ ಪ್ರೈಮರ್ ಅಥವಾ ಎಪಾಕ್ಸಿ. ಎಪಾಕ್ಸಿಯಾದರೆ ನಿಮ್ಮ ಪುಣ್ಯ. ಅದು ಉಳಿದವುಗಳಷ್ಟು ಕುಡಿಯುವುದಿಲ್ಲ, ಪೂರ್ತಿ ಒಣಗಿದ್ದರೆ ಎಣ್ಣೆ ಹೆಚ್ಚೂ ಕಡಿಮೆ ಮೇಲೇ ಇರುತ್ತದೆ. ನಮ್ಮ ಕಡೆ ಮಾತ್ರ ಎಪಾಕ್ಸಿಗೆ ದುಡ್ಡು ಕೊಡುವ ಗಿರಾಕಿ ಕಡಿಮೆ. ಎಲ್ಲರಿಗೂ ಮೇಲಿನ ಹೊಳಪು ಬೇಕು, ಕೆಳಗಿನದು ಯಾರಿಗೂ ಬೇಡ.

ಪೇಂಟ್ ಅಂಗಡಿಯಲ್ಲಿ ವ್ಯಾಕ್ಸ್ ಅಂಡ್ ಗ್ರೀಸ್ ರಿಮೂವರ್ ಅಂತಲೋ ಸಿಲಿಕಾನ್ ರಿಮೂವರ್ ಅಂತಲೋ ಡಬ್ಬಿ ಸಿಗುತ್ತದೆ. ಅದನ್ನೇ ತನ್ನಿ. ಥಿನ್ನರಿಗಿಂತ ಮೆದು, ಎಣ್ಣೆಯನ್ನು ಕರಗಿಸುತ್ತದೆ, ಪ್ರೈಮರನ್ನು ಅಷ್ಟಾಗಿ ಕೆಣಕುವುದಿಲ್ಲ, ಆರಿದ ಮೇಲೆ ಏನನ್ನೂ ಬಿಟ್ಟುಹೋಗುವುದಿಲ್ಲ. "ಅಣ್ಣಾ, ಪೆಟ್ರೋಲ್ ಇದೆಯಲ್ಲ" ಅನ್ನುತ್ತೀರಿ. ನಾನೂ ಅಂದವನೇ. ಪೆಟ್ರೋಲ್ ಎಂಜಿನ್ನಿಗೆ ಮಾಡಿದ್ದು. ಅದರಲ್ಲಿ ಎಂಜಿನ್ ಸ್ವಚ್ಛವಾಗಿಡುವ ಔಷಧಿಗಳು, ಬೇಗ ಆರದ ಭಾರದ ಅಂಶಗಳು ಇರುತ್ತವೆ, ಅವು ಪ್ರೈಮರಿನಲ್ಲೇ ಉಳಿಯುತ್ತವೆ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೇರೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುವ ವಸ್ತು. ಅದೂ ಸಾಲದೆಂದರೆ ಬೆಂಕಿ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲಿನ ಆವಿ ಕಿಡಿಗೆ ಹೊತ್ತಿಕೊಳ್ಳುತ್ತದೆ, ನಮ್ಮ ಶೆಡ್ಡಿನ ಬಿಸಿಯಲ್ಲಿ ಕೇಳಬೇಕೆ. ಸೀಮೆಎಣ್ಣೆ, ಡೀಸೆಲ್ ಅಂತೂ ಬೇಡವೇ ಬೇಡ. ಎಣ್ಣೆ ತೆಗೆಯಲು ಎಣ್ಣೆ ಹಚ್ಚಿದ ಹಾಗೆ. ಅಂಗಡಿಯಲ್ಲಿ ಎಂಟಿಓ ಅಂತ ಕೇಳಿದರೆ ಕೊಡುವ ಮಿನರಲ್ ಟರ್ಪಂಟೈನ್, ಚೆನ್ನಾಗಿ ಒಣಗಿದ ಪ್ರೈಮರಿನ ಮೇಲೆ ದಪ್ಪ ಗ್ರೀಸನ್ನು ಮೊದಲ ಸುತ್ತಿಗೆ ತೆಗೆಯಲು ಪರವಾಗಿಲ್ಲ. ಆದರೆ ನಿಧಾನ ಆರುತ್ತದೆ, ಕೊನೆಯ ಸಲ ಒರೆಸಲು ಅಲ್ಲ. ರೆಡ್ ಆಕ್ಸೈಡಿಗೆ ಕಲೆಸುವುದೂ ಅದನ್ನೇ ಅನ್ನುವುದು ನೆನಪಿರಲಿ. ಹಸಿ ಪ್ರೈಮರಿಗೆ ತಾಗಿದರೆ ಪ್ರೈಮರ್ ಮೇಲೇಳುತ್ತದೆ.

ಕೋವಿಡ್ ಕಾಲದಲ್ಲಿ ಒಬ್ಬ ಹುಡುಗ ಸ್ಯಾನಿಟೈಸರ್ ಹಾಕಿ ಗಾಡಿಯ ಬಾಗಿಲಿನ ಪ್ರೈಮರ್ ಒರೆಸಿದ್ದನ್ನು ಕಂಡೆ. ಸ್ಪಿರಿಟ್ಟಲ್ವಾ ಅಣ್ಣಾ ಅಂದ. ಸ್ಪಿರಿಟ್ಟೇ, ಆದರೆ ಕೈ ಒಡೆಯದಿರಲಿ ಅಂತ ಅದರಲ್ಲಿ ಗ್ಲಿಸರಿನ್ ಹಾಕಿರುತ್ತಾರೆ. ಆ ಬಾಗಿಲಿನ ಕತೆ ಕೇಳಬೇಡಿ.

ಒರೆಸುವ ರೀತಿಗೆ ಬರೋಣ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಎರಡು ಬಟ್ಟೆ ಬೇಕು. ಒಂದು ಒದ್ದೆ, ಒಂದು ಒಣ. ಎರಡೂ ಬಿಳಿ ಹತ್ತಿಬಟ್ಟೆ, ಒಗೆದು ಒಣಗಿಸಿದ್ದು, ಬಟ್ಟೆ ಮೆದು ಮಾಡುವ ದ್ರಾವಣ ಹಾಕಿ ಒಗೆದದ್ದಲ್ಲ. ಮೂಟೆಯಲ್ಲಿ ಬರುವ ಬನಿಯನ್ ವೇಸ್ಟನ್ನು ಎಂಜಿನ್ ಒರೆಸಲು ಇಟ್ಟುಕೊಳ್ಳಿ, ಪ್ರೈಮರಿಗೆ ತರಬೇಡಿ. ಅದರಲ್ಲಿ ಏನೇನು ಇದೆಯೋ ಯಾರಿಗೆ ಗೊತ್ತು. ಒದ್ದೆ ಬಟ್ಟೆಯಲ್ಲಿ ಕಲೆಯ ಹೊರಗಿನಿಂದ ನಡುವಿಗೆ ಬನ್ನಿ, ನಡುವಿನಿಂದ ಹೊರಕ್ಕೆ ಹೋದರೆ ಹರಡುತ್ತದೆ. ಎರಡು ಅಂಗೈ ಅಗಲದ ಜಾಗ ಮಾತ್ರ ಒಂದು ಸಲಕ್ಕೆ. ಅದು ಆರುವ ಮೊದಲೇ, ಪ್ರೈಮರ್ ಇನ್ನೂ ಒದ್ದೆಯಾಗಿ ಕಪ್ಪಗೆ ಕಾಣುತ್ತಿರುವಾಗಲೇ, ಒಣಬಟ್ಟೆಯಿಂದ ಎತ್ತಿಕೊಳ್ಳಿ. ದ್ರಾವಣ ಎಣ್ಣೆಯನ್ನು ಕರಗಿಸಿ ಮೇಲಕ್ಕೆ ತಂದು ನಿಲ್ಲಿಸುತ್ತದೆ, ಅಷ್ಟೇ ಅದರ ಕೆಲಸ. ಎತ್ತಿಕೊಂಡು ಹೋಗುವುದು ಒಣಬಟ್ಟೆ. ಅದರಷ್ಟಕ್ಕೆ ಆರಲು ಬಿಟ್ಟರೆ ದ್ರಾವಣ ಹಾರಿಹೋಗುತ್ತದೆ, ಎಣ್ಣೆ ಇದ್ದಲ್ಲೇ ಕೂರುತ್ತದೆ. ಪ್ರತಿ ಸಲವೂ ಬಟ್ಟೆಯ ಮಗ್ಗುಲು ಬದಲಿಸಿ. ಮೂರು ನಾಲ್ಕು ಸಲ ಮಾಡಿದ ಮೇಲೆ ಬಟ್ಟೆ ನೋಡಿ. ಹಳದಿಯೋ ಕಪ್ಪೋ ಬರುತ್ತಿದ್ದರೆ ಇನ್ನೂ ಇದೆ ಅಂತ ಅರ್ಥ.

ಕೈಗೆ ಗ್ಲೌಸ್ ಹಾಕಿಕೊಳ್ಳಿ, ನೀಲಿ ನೈಟ್ರೈಲಿನದು. ಆಸ್ಪತ್ರೆಯ ರಬ್ಬರಿನದು ಈ ದ್ರಾವಣಕ್ಕೆ ಊದಿಕೊಂಡು ಹರಿಯುತ್ತದೆ. ಬಾಗಿಲು ತೆರೆದಿರಲಿ, ಮಳೆ ಬಂದರೂ ಸರಿ. ಒರೆಸಿದ ಬಟ್ಟೆಗಳನ್ನು ಮುಚ್ಚಳವಿರುವ ಡಬ್ಬಕ್ಕೆ ಹಾಕಿ, ವೆಲ್ಡಿಂಗ್ ಮಾಡುವವನ ಕಾಲಬುಡದಲ್ಲಿ ಬಿಸಾಡಬೇಡಿ.

ಈಗ ಹೋಯಿತೋ ಇಲ್ಲವೋ ಅಂತ ತಿಳಿಯುವುದು. ಎರಡು ದಾರಿ. ಗಾಡಿಯನ್ನು ಒಂದು ಗಂಟೆ ಬಿಸಿಲಿಗೆ ನಿಲ್ಲಿಸಿ. ತಗಡು ಬಿಸಿಯಾದರೆ ಒಳಗೆ ಅಡಗಿದ ಎಣ್ಣೆ ತೆಳುವಾಗಿ ಮೇಲೆ ಬರುತ್ತದೆ, ಹೋಗಿತ್ತೆಂದುಕೊಂಡ ಕಲೆ ಸಣ್ಣ ದ್ವೀಪದ ಹಾಗೆ ಮತ್ತೆ ಕಾಣುತ್ತದೆ. ಬಂದರೆ ಒಳ್ಳೆಯದೇ, ಮತ್ತೆ ಒರೆಸಿ. ಮಳೆಗಾಲದಲ್ಲಿ ಬಿಸಿಲೆಲ್ಲಿ ಅಂದರೆ ಹೀಟ್ ಲ್ಯಾಂಪೋ ಹೇರ್ ಡ್ರೈಯರೋ ಸಾಕು. ದ್ರಾವಣ ಪೂರ್ತಿ ಆರಿದ ಮೇಲೆ ಮಾತ್ರ, ಮುಂಚೆ ಅಲ್ಲ. ಇನ್ನೊಂದು ನೀರಿನ ಪರೀಕ್ಷೆ. ಚೊಕ್ಕ ನೀರನ್ನು ಸಣ್ಣಗೆ ಚಿಮುಕಿಸಿ ನೋಡಿ. ಜಿಡ್ಡಿಲ್ಲದ ಜಾಗದಲ್ಲಿ ನೀರು ಒಂದೇ ಹಾಳೆಯಾಗಿ ಹರಡಿ ನಿಲ್ಲುತ್ತದೆ. ಜಿಡ್ಡಿದ್ದ ಜಾಗದಲ್ಲಿ ಹಾಳೆ ಹರಿದು, ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಮಣಿಮಣಿ ಆಗುತ್ತದೆ. ನೋಡಿದ ಕೂಡಲೇ ನೀರು ಒರೆಸಿ ಚೆನ್ನಾಗಿ ಒಣಗಿಸಿ, ಯಾಕೆಂದರೆ ಎಣ್ಣೆ ಕುಡಿಯುವ ಪ್ರೈಮರ್ ನೀರನ್ನೂ ಕುಡಿಯುತ್ತದೆ, ಕೆಳಗೆ ತುಕ್ಕು ಕಾಯುತ್ತಿರುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆಯುವವರಿಗೂ ಇದೇ ಮಾತು. ದಪ್ಪ ಜಿಡ್ಡಿಗೆ ಅದು ಕೆಲಸ ಮಾಡುತ್ತದೆ, ನಾನೂ ಮಾಡಿದ್ದೇನೆ. ಆದರೆ ಸೋಪು ಉಳಿಯದ ಹಾಗೆ ತೊಳೆದು, ಪೂರ್ತಿ ಒಣಗಿಸುವಷ್ಟು ಬಿಸಿಲು ಇದ್ದಾಗ ಮಾತ್ರ.

ಒರೆಸಿ ಒರೆಸಿ ಹೋಗದ ಎಣ್ಣೆಗೆ ಹಳೆಯ ಉಪಾಯವೊಂದಿದೆ. ಎಣ್ಣೆಸ್ನಾನದ ದಿನ ಮೈಗೆ ಕಡಲೆಹಿಟ್ಟೋ ಸೀಗೆಪುಡಿಯೋ ಹಚ್ಚಿ ತಿಕ್ಕುತ್ತೇವಲ್ಲ, ಪುಡಿ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಇಲ್ಲೂ ಹಾಗೇ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬಿಗೆ ಸವರುವ ಫ್ರೆಂಚ್ ಚಾಕ್ ಪುಡಿ ತನ್ನಿ, ಮುಖಕ್ಕೆ ಹಾಕುವ ಪರಿಮಳದ ಪೌಡರ್ ಅಲ್ಲ. ಎಣ್ಣೆ ಆಗಷ್ಟೇ ಬಿದ್ದಿದ್ದರೆ ಒರೆಸಲು ಹೋಗದೆ ಮೊದಲು ಪುಡಿಯನ್ನೇ ಸುರಿಯಿರಿ, ಅರ್ಧ ಎಣ್ಣೆ ಅಲ್ಲೇ ಮುಗಿಯುತ್ತದೆ. ಹಳೆಯ ಕಲೆಯಾದರೆ ಪುಡಿಯನ್ನು ಗ್ರೀಸ್ ರಿಮೂವರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲೆಸಿ, ಕಲೆಯ ಮೇಲೆ ಬೆರಳು ದಪ್ಪ ಮೆತ್ತಿ ಬಿಡಿ. ದ್ರಾವಣ ಆರುತ್ತಾ ಹೋದ ಹಾಗೆ ಎಣ್ಣೆ ಪುಡಿಗೆ ಏರುತ್ತದೆ. ಒಣಗಿದ ಮೇಲೆ ಬ್ರಷ್ಷಿನಲ್ಲಿ ಉದುರಿಸಿ, ಮತ್ತೆ ಒಂದು ಸಲ. ನಮ್ಮ ಉಸ್ತಾದರು ಇದನ್ನು ಸೀಮೆಸುಣ್ಣ ಅರೆದು ಮಾಡುತ್ತಿದ್ದರು. ನೂರಕ್ಕೆ ನೂರು ಎಳೆಯುತ್ತದೆ ಅಂತ ನಾನು ಹೇಳುವುದಿಲ್ಲ. ನನ್ನ ಅನುಭವದಲ್ಲಿ ಎರಡು ಸಲ ಮೆತ್ತಿದ ಮೇಲೂ ಬಿಸಿಲಿಗೆ ಕಲೆ ಎದ್ದರೆ ಮೂರನೇ ಸಲ ಮೆತ್ತುವುದು ದಂಡ.

ಆಗ ಒಂದೇ ದಾರಿ. ಪ್ರೈಮರನ್ನು ಇಳಿಸಬೇಕು. ಬೇಜಾರಾಗುತ್ತದೆ, ಗೊತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಲೆಯಿಂದ ಎರಡು ಬೆರಳು ಹೊರಗಿನವರೆಗೂ 80ರ ಪೇಪರಿನಲ್ಲಿ ತಗಡು ಕಾಣುವ ತನಕ ಇಳಿಸಿ. ಇಲ್ಲೂ ಮೊದಲು ಒರೆಸು, ಆಮೇಲೆ ಉಜ್ಜು. ಕೆಳಗೆ ತಗ್ಗು ತುಂಬಲು ಪಟ್ಟಿ ಹಾಕಿದ್ದರೆ, ಪಟ್ಟಿಗೂ ಎಣ್ಣೆ ಇಳಿದಿದ್ದರೆ, ಅದನ್ನೂ ಕಿತ್ತುಹಾಕಿ. ಎಣ್ಣೆ ಕುಡಿದ ಪಟ್ಟಿಯನ್ನು ಯಾವ ದೇವರೂ ಉಳಿಸಲಾರ. ತಗಡನ್ನು ಬಿಳಿ ಬಟ್ಟೆ ಬಿಳಿಯಾಗೇ ಬರುವವರೆಗೆ ಒರೆಸಿ, ಅಂಚನ್ನು 320ರಲ್ಲಿ ಸವರಿ ಇಳಿಜಾರು ಮಾಡಿ, ಅದೇ ದಿನ ಪ್ರೈಮರ್ ಹೊಡೆಯಿರಿ. ನಮ್ಮ ಮಲೆನಾಡಿನ ಗಾಳಿಯಲ್ಲಿ ಬರಿ ತಗಡು ಒಂದು ರಾತ್ರಿ ಕಳೆದರೆ ಬೆಳಿಗ್ಗೆ ಅರಿಶಿನ ಬಳಿದುಕೊಂಡಿರುತ್ತದೆ. ಹಸಿ ಪ್ರೈಮರಿಗೆ ಎಣ್ಣೆ ಬಿದ್ದಿದ್ದರೂ ಇದೇ ಸಲಹೆ. ಒರೆಸಲು ಹೋದರೆ ರಾಡಿ ಮಾಡಿಕೊಳ್ಳುತ್ತೀರಿ.

ಬ್ರೇಕ್ ಆಯಿಲಿನ ಮಾತು ಬೇರೆ. ಹೆಸರಿಗೆ ಆಯಿಲ್, ನಿಜಕ್ಕೂ ಅದು ಎಣ್ಣೆಯಲ್ಲ. ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ನೀರಿನಲ್ಲಿ ಕರಗುತ್ತವೆ, ಬಣ್ಣವನ್ನೂ ಪ್ರೈಮರನ್ನೂ ಊದಿಸಿ ಮೆತ್ತಗೆ ಮಾಡುತ್ತವೆ. ಬಿದ್ದ ಕೂಡಲೇ ಧಾರಾಳ ನೀರು ಹಾಕಿ ತೊಳೆಯಿರಿ, ಗ್ರೀಸ್ ರಿಮೂವರ್ ಹುಡುಕುತ್ತಾ ಕೂರಬೇಡಿ. ಉಗುರಿನಲ್ಲಿ ಒತ್ತಿದರೆ ಗುಳಿ ಬೀಳುವಷ್ಟು ಪ್ರೈಮರ್ ಮೆತ್ತಗಾಗಿದ್ದರೆ ಇಳಿಸಿಬಿಡಿ.

ಇನ್ನೊಂದು ಶತ್ರು ಕಣ್ಣಿಗೂ ಬೀಳುವುದಿಲ್ಲ, ಮೂಗಿಗೂ ಬೀಳುವುದಿಲ್ಲ. ಸಿಲಿಕಾನ್. ಡ್ಯಾಶ್‌ಬೋರ್ಡ್ ಸ್ಪ್ರೇ, ಟೈರ್ ಪಾಲಿಶ್, ಕೆಲವು ಬಾಡಿ ಪಾಲಿಶ್, ಎಲ್ಲದರಲ್ಲೂ ಇರುತ್ತದೆ. ಪೇಂಟ್ ಕಂಪನಿಯವರ ತರಬೇತಿಯಲ್ಲಿ ಒಮ್ಮೆ ಲೆಕ್ಕ ಹೇಳಿದ್ದರು. ನೀರಿನ ಮೇಲ್ಮೈ ಸೆಳೆತ 72 ಅಂತ ಹಿಡಿದರೆ ಸಿಲಿಕಾನ್ ಎಣ್ಣೆಯದು 20ರ ಆಸುಪಾಸು, ಬಣ್ಣದ್ದು ಅವೆರಡರ ನಡುವೆ. ಹಾಗಾಗಿ ಸಿಲಿಕಾನ್ ಎಲ್ಲಿದ್ದರೂ ತೆಳ್ಳಗೆ ಹರಡುತ್ತದೆ, ಅದರ ಮೇಲೆ ಬಿದ್ದ ಬಣ್ಣ ಅಸಹ್ಯಪಟ್ಟ ಹಾಗೆ ಹಿಂದಕ್ಕೆ ಸರಿದು ದುಂಡಗೆ ಗುಳಿ ಬೀಳುತ್ತದೆ. ಕಂಪನಿಯವರು ಅದಕ್ಕೆ ಫಿಶ್ ಐ ಅನ್ನುತ್ತಾರೆ, ಮೀನುಗಣ್ಣು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವನಿಗೆ ಗಾಡಿಯೇ ನೂರು ಕಣ್ಣು ಬಿಟ್ಟು ನೋಡುತ್ತದೆ. ಆಗ ಬಣ್ಣಕ್ಕೆ ಹಾಕಲು ಫಿಶ್ ಐ ಔಷಧಿ ಅಂತ ಒಂದು ಬಾಟಲಿ ಮಾರುತ್ತಾರೆ. ಬಹುಪಾಲು ಅದೂ ಸಿಲಿಕಾನೇ. ಗನ್ನಿಗೆ, ಶೆಡ್ಡಿನ ಗಾಳಿಗೆ ಅದು ಸೇರಿತೆಂದರೆ ಮುಂದಿನ ಗಾಡಿಗೂ ಅದೇ ರೋಗ. ನಾನು ಶೆಡ್ಡು ನಡೆಸಿದಷ್ಟು ದಿನ ಆ ಬಾಟಲಿ ಒಳಗೆ ಬಿಡಲಿಲ್ಲ. ಇದರಲ್ಲಿ ನನ್ನನ್ನು ಹಠಮಾರಿ ಅಂದವರಿದ್ದಾರೆ, ಅನ್ನಲಿ.

ಎಣ್ಣೆ ಬರುವ ದಾರಿಗಳನ್ನೂ ನೋಡಿಕೊಳ್ಳಿ. ತಲೆಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಬಂದು, ಕೂದಲು ಸವರಿಕೊಂಡ ಕೈಯಲ್ಲೇ ಪ್ರೈಮರ್ ಮುಟ್ಟಿ ನುಣುಪು ನೋಡುತ್ತೀರಿ. ಐದು ಬೆರಳಿನ ಗುರುತು ಬಣ್ಣದ ಕೆಳಗೆ ಉಳಿಯುತ್ತದೆ. ಕಂಪ್ರೆಸರಿನ ರಿಂಗು ಸವೆದಿದ್ದರೆ ಗಾಳಿಯ ಜೊತೆ ಎಣ್ಣೆಯೂ ಬರುತ್ತದೆ. ಬೆಳಿಗ್ಗೆ ಟ್ಯಾಂಕಿನ ಅಡಿಯ ನಲ್ಲಿ ಬಿಟ್ಟು ನೀರು ತೆಗೆಯಿರಿ, ಪೈಪಿನ ಬಾಯಿಗೆ ಬಿಳಿ ಬಟ್ಟೆ ಹಿಡಿದು ಒಂದು ನಿಮಿಷ ಗಾಳಿ ಬಿಡಿ. ಬಟ್ಟೆಯಲ್ಲಿ ಹಳದಿ ಬಿದ್ದರೆ ಅವತ್ತು ಗನ್ ಎತ್ತಬೇಡಿ. ಪ್ರೈಮರ್ ಹೊಡೆದ ಗಾಡಿಯನ್ನು ಬ್ರೌನ್ ಪೇಪರ್ ಹಾಕಿ ಮುಚ್ಚಿ. ಪ್ಲಾಸ್ಟಿಕ್ ಹಾಕಿದರೆ ಒಳಗೆ ಬೆವರುತ್ತದೆ.

ಮೆಕ್ಯಾನಿಕ್ ಅಣ್ಣಂದಿರೇ, ಇದನ್ನು ಯಾರಾದರೂ ನಿಮಗೆ ಓದಿ ಹೇಳಿದರೆ, ಒಂದು ಹಳೆಯ ಟೇಬಲ್ಲನ್ನು ನಿಮ್ಮ ಮೂಲೆಗೆ ಹಾಕಿಕೊಳ್ಳಿ. ಗಾಡಿಯ ಮಾಲೀಕರೇ, "ಪೇಂಟರ್ ಇನ್ನೆರಡು ದಿನ ಕೇಳುತ್ತಿದ್ದಾನೆ" ಅಂತ ಸಿಟ್ಟಾಗುವ ಮುಂಚೆ ಆ ಎರಡು ದಿನ ಯಾಕೆ ಅಂತ ಕೇಳಿ. ಕಲೆ ಬಿದ್ದಿದೆ, ಇಳಿಸಿ ಮತ್ತೆ ಹೊಡೆಯುತ್ತಿದ್ದೇನೆ ಅಂತ ಅವನು ಒಪ್ಪಿಕೊಂಡರೆ ಅವನ ಹತ್ತಿರವೇ ಗಾಡಿ ಬಿಡಿ.

ಆಯುಧಪೂಜೆ ಹತ್ತಿರ ಬರುತ್ತಿದೆ. ಹಬ್ಬಕ್ಕೆ ಹೊಸ ಬಣ್ಣದಲ್ಲಿ ಗಾಡಿ ಬೇಕು ಅಂತ ಎಲ್ಲರೂ ಒಟ್ಟಿಗೆ ತಂದು ನಿಲ್ಲಿಸುತ್ತಾರೆ, ಅರ್ಧ ಗಾಡಿಗಳು ಪ್ರೈಮರಿನಲ್ಲೇ ಪೂಜೆ ಮಾಡಿಸಿಕೊಳ್ಳುತ್ತವೆ. ಶೆಡ್ಡಿನಲ್ಲಿ ಸಾಲಾಗಿ ದೀಪ ಹಚ್ಚಿ, ಬೂದುಗುಂಬಳಕಾಯಿ ಒಡೆದು, ಭಕ್ತಿಯಿಂದ ಪ್ರತಿ ಬಾನೆಟ್ಟಿಗೂ ಎಣ್ಣೆಯಲ್ಲಿ ಕಲೆಸಿದ ಕುಂಕುಮದಲ್ಲಿ ಮೂರು ಬೆರಳು ಎಳೆಯುತ್ತೀರಿ, ಬಾನೆಟ್ಟಿನ ಮೇಲೇ ಹಣತೆಯನ್ನೂ ಇಡುತ್ತೀರಿ. ದೇವರಿಗೆ ಪ್ರೈಮರಾದರೇನು, ಗಾಜಾದರೇನು. ಈ ಸಲ ದೀಪ ನೆಲದ ಮೇಲಿರಲಿ, ಕುಂಕುಮವನ್ನು ಮುಂದಿನ ಗಾಜಿಗೆ ಇಡಿ.

ಇಂತಿ,
ಶೆಡ್ಡಿನ ಬಾಗಿಲು ಹಾಕಿ ಮನೆಯಲ್ಲಿ ಕೂತಿರುವ ನಿಮ್ಮ ಒಬ್ಬ ಹಳೆಯ ಪೇಂಟರ್
ಶಿವಮೊಗ್ಗ